ಅಕ್ಕನ ಮಾತು ತಿದ್ದಿದ ಮೇಷ್ಟ್ರು

ತಪ್ಪು ಕಂಡರೆ ಸುಮ್ಮನಿರಲಾರದ ಕಾಯಿಲೆಯೊಂದು ನನಗಿದೆ. ಹುತ್ತೂರಿನ ಕಡೆಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದವನಿಗೆ ಇದು ಸಹಜವೆಂದು ನಾನೂ, ಇದಕ್ಕೆ ಔಷಧಿಯಿಲ್ಲವೆಂದು ನನ್ನ ಹೆಂಡತಿ ಸರೋಜಳೂ ನಂಬಿದ್ದೇವೆ. ಒಂದು ಮದುವೆ ಮನೆಯ ಬಾಗಿಲಲ್ಲಿ ‘ಸುಸ್ವಾಗತ’ ಎಂಬ ಬೋರ್ಡು ಕಂಡು, ಸ್ವಾಗತದೊಳಗೇ ಒಂದು ‘ಸು’ ಇದೆ, ಇನ್ನೊಂದು ದಂಡ ಎಂದು ಹುಡುಗಿಯ ತಂದೆಗೆ ವಿವರಿಸುತ್ತ ನಿಂತು, ಊಟಕ್ಕೆ ಕೊನೆಯ ಪಂಕ್ತಿಗೆ ಬಿದ್ದವನು ನಾನು. ಆ ಬಡಪಾಯಿ ಕೈ ಮುಗಿದುಕೊಂಡೇ ಎಲ್ಲ ಕೇಳಿಸಿಕೊಂಡ. ತಿದ್ದಿಸಿಕೊಳ್ಳುವವರ ಮುಖ ನೋಡುವ ಅಭ್ಯಾಸ ನನಗೆ ಯಾವತ್ತೂ ಇರಲಿಲ್ಲ. ಇಂಥವನ ಮನೆಗೆ ಮರೆವಿನ ಕಾಯಿಲೆಯ ಅಕ್ಕ ಬಂದಳು.

ಅಕ್ಕ ರತ್ನಮ್ಮ ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ನನಗೆ ಎರಡು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಅಕ್ಕ ಸ್ಕೂಲು ಬಿಟ್ಟು ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡಳು. ಮದುವೆಯಾಗಿ ಸುಗಟೂರಿಗೆ ಹೋಗುವಾಗ ಪಾತ್ರೆ ಪಗಡದ ಜೊತೆ ನನ್ನನ್ನೂ ಎತ್ತಿಕೊಂಡೇ ಹೋದಳು. ಭಾವ ಚಕಾರವೆತ್ತಲಿಲ್ಲ. ಇಬ್ಬರೂ ರೇಷ್ಮೆ ಹುಳ ಸಾಕಿ ನನ್ನನ್ನು ಓದಿಸಿದರು. ಭಾವ ತೀರಿಕೊಂಡ ಮೇಲೆ ಅಕ್ಕನ ನೆನಪು ಒಂದೊಂದಾಗಿ ಕಳಚತೊಡಗಿತು. ಸಾರಿಗೆ ಎರಡು ಸಲ ಉಪ್ಪು ಬಿತ್ತು. ಹಾಲು ಹಾಕಲು ಡೈರಿಗೆ ಹೋದವಳಿಗೆ ಮನೆಯ ದಾರಿ ತಪ್ಪಿತು. ನಾನು ಅವಳನ್ನು ಕೋಲಾರಕ್ಕೆ ನಮ್ಮ ಮನೆಗೆ ಕರೆತಂದೆ.

ಅವಳಿಗೆ ಇದ್ದದ್ದು ಎರಡೇ ಪ್ರಶ್ನೆ. ಒಂದು, “ಹುಳಕ್ಕೆ ಸೊಪ್ಪು ಹಾಕಿದ್ಯಾ ನಾಯನಾ?” (ನಾಯನಾ ಅಂದರೆ ನಮ್ಮ ಕಡೆಯ ತೆಲುಗಿನಲ್ಲಿ ಮಗನೇ ಎಂದ ಹಾಗೆ.) ಇನ್ನೊಂದು, “ನಿಮ್ಮ ಭಾವ ಎಲ್ಲೋ, ಇನ್ನೂ ಬರ್ಲಿಲ್ಲ?” ಮೊದಲನೆಯದಕ್ಕೆ ನಾನು, ಹುಳ ಸಾಕುವುದನ್ನು ಬಿಟ್ಟು ಎಷ್ಟೋ ಕಾಲವಾಯಿತೆಂದು ಹೇಳುತ್ತಿದ್ದೆ. ಎರಡನೆಯದಕ್ಕೆ, “ಭಾವ ಇಲ್ಲ ಕಣಕ್ಕ. ತೀರ್ಕೊಂಡು ಆರು ವರ್ಷ ಆಯ್ತು” ಅನ್ನುತ್ತಿದ್ದೆ. ಅವಳು ಬೆಚ್ಚಿಬೀಳುತ್ತಿದ್ದಳು. “ಯಾವಾಗ? ನಂಗ್ಯಾಕೆ ಯಾರೂ ಹೇಳ್ಲಿಲ್ಲ?” ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು. ಅರ್ಧ ಗಂಟೆಗೆ ಮತ್ತೆ ಅದೇ ಪ್ರಶ್ನೆ, ನನ್ನದೂ ಅದೇ ಉತ್ತರ. ಪಾಠ ಮನದಟ್ಟಾಗಬೇಕಾದರೆ ಪುನರಾವರ್ತನೆ ಬೇಕು ಎಂಬುದು ನನ್ನ ಹಳೆಯ ನಂಬಿಕೆ. ಇದೇ ಪ್ರಶ್ನೆಯನ್ನು ಸರೋಜಳಿಗೆ ಕೇಳಿದರೆ, ಗಂಡನ ಅಕ್ಕನನ್ನು ತೆಲುಗಿನಲ್ಲಿ ವದಿನಾ ಎಂದೇ ಕರೆಯುವ ಅವಳು, “ಬರ್ತಾರೆ ವದಿನಾ, ಅಷ್ಟರಲ್ಲಿ ಹುರಳೀಕಾಯಿ ಬಿಡಿಸೋಣ. ಅವರಿಗೆ ಈ ಪಲ್ಯ ಅಂದ್ರೆ ಇಷ್ಟ ಅಲ್ವಾ?” ಅನ್ನುತ್ತಿದ್ದಳು. ಅಕ್ಕ ತೆಲುಗೂ ಕನ್ನಡವೂ ಬೆರೆಸಿ ಭಾವನ ಊಟದ ವಿಷಯ ಹೇಳುತ್ತ ಕೂರುತ್ತಿದ್ದಳು. ನಾನು ಅಡುಗೆಮನೆಗೆ ಹೋಗಿ, “ಯಾಕೆ ಸುಳ್ಳು ಹೇಳ್ತೀಯ?” ಎಂದು ಹೆಂಡತಿಯನ್ನೂ ತಿದ್ದಿದೆ. “ನಾನೆಲ್ಲಿ ಸುಳ್ಳು ಹೇಳ್ದೆ? ಅವರ ಜೊತೆ ಮಾತಾಡ್ತಾ ಇದೀನಿ” ಅಂದಳು ಸರೋಜ.

ಹೀಗಿರುವಾಗ ಶೋಭಾ ಬಂದಳು. ಕ್ಯಾಲನೂರಿನವಳು, ನನ್ನ ಹಳೆಯ ವಿದ್ಯಾರ್ಥಿನಿ. ಮಹಾಪ್ರಾಣಗಳನ್ನು ನುಂಗುತ್ತಾಳೆಂದು ನಾನು ಸದಾ ಮಾರ್ಕು ಕತ್ತರಿಸುತ್ತಿದ್ದ ಹುಡುಗಿ. ಈಗ ಅವಳು ಮರೆವಿನ ಕಾಯಿಲೆಯವರ ಜೊತೆ ಮನೆಯವರು ದಿನನಿತ್ಯ ಹೇಗೆ ಮಾತಾಡುತ್ತಾರೆ ಎಂದು ಸಂಶೋಧನೆ ಮಾಡುತ್ತಿದ್ದಾಳಂತೆ. ಮಾತು ರೆಕಾರ್ಡ್ ಮಾಡುವ, ಬೆಂಕಿಪೊಟ್ಟಣದಷ್ಟಿದ್ದ ಯಂತ್ರವೊಂದನ್ನು ತೋರಿಸಿ, ನಾಲ್ಕು ದಿನ ಮನೆಯಲ್ಲಿ ಇಡಬಹುದೇ ಎಂದು ಅಕ್ಕನನ್ನೇ ಕೇಳಿದಳು. “ಇಟ್ಕೊಳಮ್ಮ. ಅದೇನು ಸೊಪ್ಪು ತಿನ್ನಲ್ವಲ್ಲ” ಅಂದಳು ಅಕ್ಕ. ನನ್ನ ಕಡೆ ತಿರುಗಿ ಶೋಭಾ, “ದಿನಾ ಹೆಂಗೆ ಮಾತಾಡ್ತೀರೋ ಹಂಗೇ ಮಾತಾಡಿ ಸಾರ್” ಅಂದಳು. ಆದರೆ ಯಂತ್ರದ ಮುಂದೆ ‘ಹಂಗೆ’ ಅನ್ನಲು ನನಗೆ ಮನಸ್ಸು ಬರಬೇಕಲ್ಲ. ಮರುದಿನ ಬೆಳಿಗ್ಗೆ, “ಅಕ್ಕಾ, ನೀನು ಕಾಫಿಯನ್ನು ಸೇವಿಸುವೆಯಾ?” ಎಂದು ಕೇಳಿದೆ. ಅಕ್ಕ ಸರೋಜಳ ಕಡೆ ತಿರುಗಿ, “ಯಾರೇ ಇವನು, ರೇಡಿಯೋದೋನಾ?” ಅಂದಳು. ಮಧ್ಯಾಹ್ನದ ಹೊತ್ತಿಗೆ ಯಂತ್ರ ಮರೆತುಹೋಯಿತು, ನಾನು ನಾನಾದೆ.

ಒಂದೆರಡು ವಾರ ಬಿಟ್ಟು ಶೋಭಾ ಆ ಮಾತುಗಳನ್ನೆಲ್ಲ ಬರೆದು, ಅಚ್ಚು ಹಾಕಿಸಿ ತಂದಳು. “ನಿಮ್ಮ ಮನೆ ಮಾತು ಸಾರ್, ಬೇಡ ಅನ್ನೋದಿದ್ರೆ ಹೇಳಿ, ತೆಗೀತೀನಿ” ಅಂದಳು. ನಾನು ಕೆಂಪು ಪೆನ್ನು ಹಿಡಿದು ಕೂತೆ. ಮೊದಲ ಹಾಳೆಯಲ್ಲಿ ಎರಡು ಕಾಗುಣಿತದ ತಪ್ಪು ಸಿಕ್ಕಿದವು, ಖುಷಿಯಾಯಿತು. ಆಮೇಲೆ ಓದತೊಡಗಿದೆ. ನನ್ನ ಹೆಸರು ಬಂದ ಕಡೆಯಲ್ಲೆಲ್ಲ ‘ಅಲ್ಲ’, ‘ಇಲ್ಲ ಕಣಕ್ಕ’, ‘ಆಗ್ಲೇ ಹೇಳಿದ್ನಲ್ಲ’. ಅದರ ಕೆಳಗೆ ಅಕ್ಕನ ಹೆಸರು, ಮುಂದೆ ಕಂಸದಲ್ಲಿ ‘ಮೌನ’ ಎಂಬ ಒಂದೇ ಪದ. ಅದರಲ್ಲಿ ಕಾಗುಣಿತದ ತಪ್ಪಿರಲಿಲ್ಲ. ಮೂರನೆಯ ದಿನದ ಹಾಳೆಗಳಲ್ಲಿ ಭಾವನ ಪ್ರಶ್ನೆ ಮೂರು ಸಲ ಬಂದಿತ್ತು. ಒಂದೇ ಬೆಳಿಗ್ಗೆ ನನ್ನಕ್ಕ ಮೂರು ಸಲ ಗಂಡನನ್ನು ಕಳೆದುಕೊಂಡಿದ್ದಳು, ಮೂರು ಸಲವೂ ಸುದ್ದಿ ತಂದವನು ನಾನು.

ಸರೋಜಳ ಜೊತೆ ಅಕ್ಕ ಹಾಳೆಗಟ್ಟಲೆ ಮಾತಾಡಿದ್ದಳು. ರೇಷ್ಮೆ ಹುಳ ಪೊರೆ ಬಿಡುವ ಮೊದಲು ಸೊಪ್ಪು ತಿನ್ನದೆ ಮಲಗುವುದಕ್ಕೆ ನಮ್ಮ ಕಡೆ ‘ಜ್ವರ’ ಅನ್ನುತ್ತಾರೆ. ಎದ್ದ ಕೂಡಲೇ ಸೊಪ್ಪು ಬೀಳದಿದ್ದರೆ ಬೆಳೆ ಕೆಡುತ್ತದೆ. ಅಕ್ಕ ಹೇಳಿದ್ದಳು: “ಹುಳ ಜ್ವರದಿಂದ ಎದ್ದಿದ್ವು, ಇವನು ಜ್ವರದಲ್ಲಿ ಬಿದ್ದ. ಕಣ್ಣೇ ಬಿಡ್ಲಿಲ್ಲ ಕಣೇ. ಹುಳ ಹೋದ್ರೆ ಹೋಗ್ಲಿ ಅಂತ ಎರಡು ದಿನ ಪಕ್ಕದಲ್ಲೇ ಕೂತೆ. ಅವರೂ ಏನೂ ಅನ್ಲಿಲ್ಲ.” ನನ್ನ ಜ್ವರಕ್ಕೆ ಆ ಬೆಳೆ ಪೂರ್ತಿ ಹೋಯಿತಂತೆ. ಇಷ್ಟು ವರ್ಷ ಇದು ನನಗೆ ಗೊತ್ತಿರಲಿಲ್ಲ. ಅವಳು ಹುಳದ ಮಾತು ಎತ್ತಿದಾಗಲೆಲ್ಲ, ಹುಳ ಈಗಿಲ್ಲ ಎಂದು ಬಾಯಿ ಮುಚ್ಚಿಸಿದವನಿಗೆ ಗೊತ್ತಾಗುವುದಾದರೂ ಹೇಗೆ? ಶೋಭಾ ಬಂದಾಗ, “ನಂಗೆಷ್ಟಮ್ಮ ಮಾರ್ಕು?” ಎಂದು ನಗುತ್ತ ಕೇಳಿದೆ. “ಮಾರ್ಕ್ಸ್ ಎಲ್ಲ ಕೊಡಲ್ಲ ಸಾರ್. ನೀವು ಬೇಕಂತ ಮಾಡಿದ್ದಲ್ವಲ್ಲ” ಅಂದಳು. ಮಾರ್ಕು ಕತ್ತರಿಸುವಾಗ ಈ ಮಾತನ್ನು ನಾನು ಅವಳಿಗೆ ಒಮ್ಮೆಯೂ ಹೇಳಿದವನಲ್ಲ.

ಇನ್ನು ಮೇಲೆ ಸರೋಜಳ ದಾರಿಯೇ ನನ್ನ ದಾರಿ ಎಂದು ತೀರ್ಮಾನಿಸಿದೆ. ಜಗಲಿಯಲ್ಲಿ ಅಡ್ಡಾಡುತ್ತ ಮಾತು ಅಭ್ಯಾಸ ಮಾಡಿಕೊಂಡೆ. ಆತುರ ಎಷ್ಟಿತ್ತೆಂದರೆ, ಅಕ್ಕ ಕೇಳುವ ಮೊದಲೇ ಹತ್ತಿರ ಕೂತು, “ಭಾವ ಶ್ರೀನಿವಾಸಪುರಕ್ಕೆ ಹೋಗಿದಾರೆ ಅಕ್ಕ, ಮಾವಿನಹಣ್ಣು ತರೋಕೆ. ಇನ್ನೇನು ಬಂದ್ಬಿಡ್ತಾರೆ” ಅಂದೆ. ದುರದೃಷ್ಟಕ್ಕೆ ಅವತ್ತು ಅಕ್ಕನ ತಲೆ ತಿಳಿಯಾಗಿತ್ತು. ನನ್ನನ್ನೇ ದಿಟ್ಟಿಸಿ ನೋಡಿದಳು. “ಏನ್ಲಾ ಹಂಗಂತೀಯ? ತೀರ್ಕೊಂಡೋರು ಮಾವಿನಹಣ್ಣು ತರ್ತಾರಾ? ನಿಂಗೆ ನೆನಪಿಲ್ವಾ?” ಎಂದು ನನ್ನ ಕೆನ್ನೆ ಸವರಿ, “ಒಳ್ಳೆ ಡಾಕ್ಟ್ರಿಗೆ ತೋರಿಸ್ಕೋ ನಾಯನಾ” ಅಂದಳು. ಒಳಗೆ ಸರೋಜ ನಗು ತಡೆಯಲಾರದೆ ಪಾತ್ರೆ ಬೀಳಿಸಿದಳು. ನಾನೂ ನಕ್ಕೆ. ಅಕ್ಕ ನಮ್ಮೆಲ್ಲರನ್ನೂ ಗುರುತು ಹಿಡಿದ ಕೊನೆಯ ದಿನಗಳಲ್ಲಿ ಅದೂ ಒಂದು ಎಂದು ಆಗ ಗೊತ್ತಿದ್ದರೆ, ಇನ್ನಷ್ಟು ಹೊತ್ತು ಪಕ್ಕದಲ್ಲಿ ಕೂತಿರುತ್ತಿದ್ದೆ. ಕೆಲವೇ ತಿಂಗಳಲ್ಲಿ ಅವಳ ಎರಡು ಪ್ರಶ್ನೆಗಳೂ ನಿಂತುಹೋದವು. ಉತ್ತರ ಕಲಿತುಕೊಂಡು ನಾನು ಕಾದದ್ದೇ ಬಂತು.

ಹೋದ ವಾರ ಕನ್ನಡಕ ಹಾಕಿಕೊಂಡು ಅವಳ ಎದುರು ಪೇಪರ್ ಓದುತ್ತಿದ್ದೆ. ಅಕ್ಕ ಇದ್ದಕ್ಕಿದ್ದಂತೆ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. “ಬನ್ನಿ ಮೇಷ್ಟ್ರೇ” ಅಂದಳು. ನಾನು ನಿನ್ನ ತಮ್ಮ ಕಣಕ್ಕ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

“ನಮ್ಮ ಹುಡುಗ ಏನಾದ್ರೂ ತಪ್ಪು ಮಾಡಿದ್ನಾ?”

“ಸ್ವಲ್ಪ ಮಾಡಿದಾನಮ್ಮ.”

“ಹೊಡೀಬೇಡಿ. ತಾಯಿ ಇಲ್ದಿರೋ ಮಗು. ಓದೋದ್ರಲ್ಲಿ ಹೆಂಗೆ?”

“ಪರವಾಗಿಲ್ಲ. ಕನ್ನಡ ಚೆನ್ನಾಗಿ ಬರುತ್ತೆ. ಇನ್ನೊಬ್ಬರ ಮಾತು ಕೇಳೋದು ಮಾತ್ರ ಇನ್ನೂ ಬಂದಿಲ್ಲ.”

“ಅದು ನಿಜ ಮೇಷ್ಟ್ರೇ, ಮನೇಲೂ ಹಂಗೇ” ಎಂದು ಅಕ್ಕ ತಲೆಯಾಡಿಸಿದಳು. “ಎಲ್ಲೋ ಆಡೋಕೆ ಹೋಗಿದಾನೆ. ಬಂದ್ರೆ ಬುದ್ಧಿ ಹೇಳ್ತೀನಿ. ನೀವು ಕಾಫಿ ಕುಡ್ಕೊಂಡು ಹೋಗಿ.”

ಸರೋಜ ಕಾಫಿ ತಂದಿಟ್ಟಳು. ಹುಡುಗ ಬರುವವರೆಗೂ ಕಾಯುತ್ತೇನೆ ಎಂದು ಅಕ್ಕನಿಗೆ ಹೇಳಿ, ನಾನು ಅಲ್ಲೇ ಕೂತೆ.