ನಮ್ಮ ಬೀರುವಿನ ವಕಾಲತ್ತು

ಮನೆಯಲ್ಲಿ ಗಂಡಸಿಗೆ ಎಷ್ಟು ಜಾಗ ಬೇಕೆಂದು ಈವರೆಗೆ ಯಾರೂ ಗಂಭೀರವಾಗಿ ಯೋಚಿಸಿದಂತಿಲ್ಲ. ಆಲ್ದೂರಿನ ಹತ್ತಿರ ನನ್ನದೊಂದು ಚಿಕ್ಕ ಕಾಫಿ ತೋಟವಿದೆ, ಮನೆಯೂ ನನ್ನ ಹೆಸರಿನಲ್ಲೇ ಇದೆ. ಆದರೆ ಪೇಟೆಯಿಂದ ತಂದ ಪೊಟ್ಟಣವೊಂದನ್ನು ಕೆಳಗಿಡಲು ಹೋದರೆ ಎಲ್ಲಿಟ್ಟರೂ "ಅಲ್ಲಿ ಬೇಡ" ಎನ್ನುವ ಮಾತು ಬರುತ್ತದೆ. ಆ ಮಾತು ಬಾರದ ಜಾಗ ಇದ್ದದ್ದು ಒಂದೇ, ಅಜ್ಜನ ಕಾಲದ ಬೀಟೆ ಮರದ ಬೀರು. ಅದರೊಳಗೆ ನನ್ನ ಕಸಿ ಚಾಕು, ಸ್ಪ್ರೇಯರಿನ ವಾಷರುಗಳು, ರಕ್ತ ಹೀರುವ ಉಂಬಳ ಹತ್ತದಂತೆ ಹಾಕಿಕೊಳ್ಳುವ ಕಾಲುಚೀಲದಲ್ಲಿ ಜೊತೆ ತಪ್ಪಿದ ಒಂದು, ಯಾವ ವರ್ಷದ್ದೆಂದು ಮರೆತುಹೋದ ಕಾಫಿ ಸ್ಯಾಂಪಲ್ಲಿನ ಪೊಟ್ಟಣಗಳು, ಹಳೆಯ ನಂಬರಿನ ಕನ್ನಡಕ ಎಲ್ಲವೂ ನೆಮ್ಮದಿಯಾಗಿದ್ದವು. ಬಾಗಿಲು ತೆರೆದರೆ ನಾಲ್ಕು ಸಾಮಾನು ಕಾಲ ಮೇಲೆ ಬೀಳುತ್ತಿದ್ದವು ನಿಜ. ಯಾವುದು ಬೀಳುತ್ತದೆಂದು ನನಗೆ ಮೊದಲೇ ಗೊತ್ತಿರುತ್ತಿದ್ದುದರಿಂದ ಕಾಲು ಸರಿಸಿಕೊಳ್ಳುತ್ತಿದ್ದೆ.

ನನ್ನ ಹೆಂಡತಿ ಕುಸುಮಳ ತವರು ಸಂಸೆ. ದನಿ ಏರಿಸದೆ ತೀರ್ಪು ಕೊಡುವುದು ಅವರ ಮನೆತನದ ಅಭ್ಯಾಸ. "ಆ ಬೀರು ತೆಗೆದ್ರೆ ಒಂದು ಊಟದ ಟೇಬಲ್ ಹಾಕ್ಬಹುದು. ಭಾನುವಾರ ಮೂಡಿಗೆರೆಯಿಂದ ಹಳೇ ಸಾಮಾನು ತಗೊಳ್ಳೋರು ಬರ್ತಾರೆ" ಎಂದಳು ಒಂದು ದಿನ, ಒಗ್ಗರಣೆ ಹಾಕುತ್ತಲೇ. ಆ ಮನೆಯಲ್ಲಿ ನನ್ನದೆನ್ನುವ ಮೂಲೆ ಅದೊಂದೇ ಆಗಿತ್ತು. ಆದರೆ ನಾನು ಮನೆಯಲ್ಲಿ ವಾದ ಮಾಡಿ ಸೋಲುವಷ್ಟು ದಡ್ಡನಲ್ಲ. ಮೇಲಿನ ಕೋರ್ಟಿಗೆ ಹೋದೆ. ಚಿಕ್ಕಮಗಳೂರಿನ ಪೇಟೆಯಲ್ಲಿ ಹಿಂದಿನ ಕಾಫಿ ಸಾಹುಕಾರರೊಬ್ಬರ ದೊಡ್ಡ ಬಂಗಲೆಯಿದೆ. ಈಗ ಅದು ಮ್ಯೂಸಿಯಂ. ಕೆತ್ತನೆಯ ಕುರ್ಚಿ, ಪಿಂಗಾಣಿ, ಗಾಜಿನ ತೂಗುದೀಪ, ಹಿತ್ತಾಳೆ ಸಾಮಾನು ಎಲ್ಲ ಜೋಡಿಸಿಟ್ಟಿದ್ದಾರೆ. ಹಲ್ಲಿನ ಡಾಕ್ಟರಿಗೆ ಕಾಯುವ ಹೊತ್ತಿನಲ್ಲಿ ಒಮ್ಮೆ ಒಳಗೆ ಹೋಗಿದ್ದ ನಾನು, ನಮ್ಮ ಬೀರುವಿನ ಅವಳಿಯಂಥದೊಂದನ್ನು ಅಲ್ಲಿ ಕಂಡಿದ್ದೆ. ಅದರ ಮುಂದೆ ಕುಸುಮಳನ್ನು ನಿಲ್ಲಿಸಿದರೆ ಕೇಸು ಗೆದ್ದಂತೆಯೇ ಎಂದು ಶನಿವಾರವೇ ಹೊರಡಿಸಿದೆ.

ಅವಳು ನೋಡುವ ರೀತಿಯೇ ಬೇರೆ. ನಾನು ತೂಗುದೀಪದ ಅಂದವನ್ನು ವರ್ಣಿಸುತ್ತಿದ್ದರೆ "ಇದ್ರ ಜೇಡರ ಬಲೆ ಹೆಂಗೆ ತೆಗೀತಾರೆ?" ಎಂದಳು. ಹಿತ್ತಾಳೆ ಹೂಜಿಗಳ ಮುಂದೆ ನಿಂತು "ಪಾಪ, ಇಷ್ಟನ್ನೂ ಯಾರು ತಿಕ್ತಾರೆ?" ಎಂದಳು. ಅಲ್ಲಿನ ಉಸ್ತುವಾರಿಯ ಮೇಡಂ ಈ ಪ್ರಶ್ನೆಗಳಿಗಾಗಿಯೇ ಕಾಯುತ್ತಿದ್ದವರಂತೆ ಓಡಿಬಂದರು. ಇಬ್ಬರೂ ಹುಣಸೆಹಣ್ಣು, ಮೆತ್ತನೆ ಬ್ರಷ್ಷು, ಮಳೆಗಾಲದ ಬೂಷ್ಟು ಎಂದು ಮಾತಿಗಿಳಿದರು. ಕೇಳುವವರಿಲ್ಲದಿದ್ದರೂ ನಾನು ಒಂದೊಂದು ವಸ್ತುವಿಗೂ ವಿವರಣೆ ಕೊಡುತ್ತಾ ಮುಂದೆ ನಡೆದೆ.

ಕೊನೆಗೆ ಬೀರು ಬಂತು. ತೋಟದವರಿಗೆ ಮರ ಕಂಡರೆ ಕೈ ಸುಮ್ಮನಿರುವುದಿಲ್ಲ. ಮೊದಲು ಬೆರಳಿನಿಂದ ಕುಟ್ಟಿದೆ, ಸದ್ದು ಗಟ್ಟಿಯಾಗಿತ್ತು. ಆಮೇಲೆ, ಕೊಯ್ದ ಮರದ ನಾಟಾ ನೋಡುವಾಗ ನಾವೆಲ್ಲ ಮಾಡುವಂತೆ, ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಬಾಗಿಲ ಮೇಲೆ ಗಸಗಸ ಉಜ್ಜಿದೆ. ಒದ್ದೆಯಾದರೆ ಬೀಟೆಯ ಗೆರೆ ಸ್ಪಷ್ಟವಾಗಿ ಏಳುತ್ತದೆ.

"ಅಯ್ಯೋ ಸರ್! ಎಂಜಲು!" ಎಂದು ಮೇಡಂ ಕೂಗಿದರು.

"ಗಾಬರಿಯಾಗ್ಬೇಡಿ ಮೇಡಂ, ಇದು ಅಪ್ಪಟ ಬೀಟೆನೇ" ಎಂದು ನಾನು ಅವರಿಗೆ ಧೈರ್ಯ ಹೇಳಿದೆ.

"ಗೊತ್ತು ಸರ್. ಪಕ್ಕದಲ್ಲೇ ಬರೆದಿದೆ."

"ಮಾನ ಕಳೀಬೇಡಿ ಮಾರಾಯ್ರೆ" ಎಂದು ಕುಸುಮ ತನ್ನ ಸೆರಗಿನಿಂದಲೇ ಅದನ್ನು ಒರೆಸಿದಳು. ಒರೆಸುತ್ತಾ ಒರೆಸುತ್ತಾ ಅವಳ ಕೈ ನಿಧಾನವಾಯಿತು. ಮೇಡಂ ಬಾಗಿಲು ತೆರೆದು ತೋರಿಸಿದರು. ಒಳಗೆ ಒಂದು ಕಡ್ಡಿಯೂ ಇರಲಿಲ್ಲ. ಕರ್ಪೂರದ ತೆಳ್ಳನೆ ವಾಸನೆ ಬಂತು. "ಎಷ್ಟು ಚಂದ ಅಲ್ವಾ! ನಮ್ಮನೇಲೂ ಥೇಟ್ ಇಂಥದೇ ಇದೆ" ಎಂದಳು, ಬಹಳ ಹೆಮ್ಮೆಯಿಂದ. ನಾನು ತಯಾರಿಸಿಕೊಂಡು ಹೋಗಿದ್ದ ಭಾಷಣದ ಅಗತ್ಯವೇ ಬೀಳಲಿಲ್ಲ. ಹಿಂದಿರುಗುವಾಗ ಬಸ್ಸಿನಲ್ಲೇ ಮೂಡಿಗೆರೆಯವರಿಗೆ ಫೋನ್ ಮಾಡಿ "ನಾಳೆ ಬರೋದು ಬೇಡ, ಬೀರು ಕೊಡೋದಿಲ್ಲ" ಎಂದಳು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಪಕ್ಕದ ಸೀಟಿನ ಅಪರಿಚಿತರಿಗೂ ಒಂದು ಬಾಳೆಹಣ್ಣು ಕೊಟ್ಟೆ.

ಸೋಮವಾರ ತೋಟದಿಂದ ಬಂದು ನೋಡುತ್ತೇನೆ, ಬೀರು ಹಜಾರದ ನಟ್ಟನಡುವೆ ಬಂದು ನಿಂತಿದೆ. ಎಣ್ಣೆ ಹಚ್ಚಿಸಿಕೊಂಡು ಮದುಮಗಳಂತೆ ಹೊಳೆಯುತ್ತಿದೆ. ಚಾಕು ಇಡೋಣವೆಂದು ಹಿಡಿ ಎಳೆದರೆ ಬೀಗ.

"ನನ್ನ ಸಾಮಾನೆಲ್ಲ ಎಲ್ಲೇ?"

"ಗೊಬ್ಬರದ ಕೋಣೇಲಿ ಮೂಟೆ ಕಟ್ಟಿ ಇಟ್ಟಿದೀನಿ."

"ಮತ್ತೆ ಇದ್ರೊಳಗೆ ಏನಿಟ್ಟಿದೀಯ?"

"ಏನೂ ಇಲ್ಲ. ಭಾರ ಇಟ್ರೆ ಬಾಗ್ಲು ಜಗ್ಗುತ್ತಂತೆ, ಆ ಮೇಡಂ ಹೇಳಿದ್ರು. ಅಜ್ಜನ ಕಾಲದ್ದು ರೀ, ಜೋಪಾನ ಮಾಡ್ಬೇಕು."

ಅಜ್ಜನ ಮೇಲೆ ಅವಳಿಗೆ ಭಕ್ತಿ ಹುಟ್ಟಿದ್ದು ಹೀಗೆ. ಈಗ ಬಂದವರಿಗೆಲ್ಲ ಬೀರು ತೋರಿಸುವ ಕೆಲಸ ನನ್ನದು. ಅದರ ಚರಿತ್ರೆಯನ್ನು ನನ್ನಷ್ಟು ಚೆನ್ನಾಗಿ ಹೇಳುವವರು ಈ ಸೀಮೆಯಲ್ಲಿಲ್ಲ. ನೆಂಟರು ತಲೆದೂಗಿ ಕಾಫಿ ಕುಡಿದು ಹೋಗುತ್ತಾರೆ, ನಾನು ಕನ್ನಡಕ ಹುಡುಕಲು ಗೊಬ್ಬರದ ಕೋಣೆಗೆ ಹೋಗುತ್ತೇನೆ. ಮೊನ್ನೆ ಕುಸುಮಳಿಗೆ ಹೇಳದೆ ಆಲ್ದೂರಿನ ಅಂಗಡಿಯೊಂದಕ್ಕೆ ಹೋಗಿ ತಗಡಿನ ಬೀರುಗಳನ್ನು ನೋಡಿ ಬಂದೆ. ನೂರು ವರ್ಷ ಕಳೆದರೂ ಯಾರೂ ಚಂದ ಎನ್ನಲಾರದಂಥದು ಒಂದಿದ್ದರೆ ತೆಗೆದಿಡಿ ಎಂದು ಹೇಳಿದ್ದೇನೆ.