ಚಿಕ್ಕಪ್ಪನ ಕಲ್ಲು ತಿನ್ನುವ ಪೂಚಿಗಳು

ನಮ್ಮ ಚಿಕ್ಕಪ್ಪನ ಕೈಕೆಳಗೆ ಕೋಟಿಗಟ್ಟಲೆ ಆಳುಗಳಿದ್ದರು ಎಂದರೆ ನೀವು ನಂಬುವುದಿಲ್ಲ. ನಾವೂ ನಂಬಿರಲಿಲ್ಲ ಬಿಡಿ! ಕೂಲಿ ಕೇಳದ, ರಜೆ ಹಾಕದ ಆ ಆಳುಗಳು ತಮಿಳುನಾಡಿನ ಬೋಡಿನಾಯಕನೂರಿನ ಅವರ ಮನೆಯ ಜಗಲಿಯಲ್ಲಿ, ಏಳು ಮಣ್ಣಿನ ಮಡಕೆಗಳೊಳಗೆ ವಾಸವಾಗಿದ್ದರು. ಕಣ್ಣಿಗೆ ಕಾಣುತ್ತಿರಲಿಲ್ಲ, ಅಷ್ಟೇ.

ಚಿಕ್ಕಪ್ಪನ ಕಸುಬು ಏಲಕ್ಕಿ ಮಂಡಿಯಲ್ಲಿ ಕಾಯಿ ಆರಿಸುವುದು. ಅರವತ್ತರ ದಶಕದ ಒಂದು ವರ್ಷ ಯಾವುದೋ ತಮಿಳು ವಾರಪತ್ರಿಕೆ ಅವರ ಕೈಗೆ ಸಿಕ್ಕಿತು. ಹೊರದೇಶದ ಗಣಿಗಳಲ್ಲಿ ಸೂಕ್ಷ್ಮಜೀವಿಗಳು ಕಲ್ಲಿನೊಳಗಿನ ತಾಮ್ರವನ್ನು ಕರಗಿಸಿ ನೀರಿಗೆ ಬಿಡುತ್ತವಂತೆ. ಆ ನೀರಿಗೆ ಕಬ್ಬಿಣ ಹಾಕಿದರೆ ತಾಮ್ರ ಬಂದು ಅಂಟಿಕೊಳ್ಳುತ್ತದಂತೆ. ಅಲ್ಲಿಗೆ ಮುಗಿಯಿತು! ಘಾಟಿ ರಸ್ತೆಯಲ್ಲಿ ಹಸಿರಾಗಿ ಕಂಡ ಕಲ್ಲೆಲ್ಲ ಏಲಕ್ಕಿ ಚೀಲದಲ್ಲಿ ಮನೆಗೆ ಬಂತು, ಪುಡಿಯಾಗಿ ಮಡಕೆಯಲ್ಲಿ ನೆನೆಯಿತು. ಮೇಲೆ ಒಂದೊಂದು ಚಮಚ ಮೊಸರಿನ ಹೆಪ್ಪು!

ನಾನು ದಿಂಡಿಗಲ್ಲಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದವಳು. ಸುಮ್ಮನಿರಲಾದೀತೆ?

"ಚಿಕ್ಕಪ್ಪಾ, ಹಾಲು ಮೊಸರಾಗಿಸೋ ಜೀವ ಬೇರೆ. ಇದು ಕಬ್ಬುಣ, ಗಂಧಕ ತಿಂದು ಬದುಕ್ತೈತೆ. ಗಣಿ ನೀರ್ನಾಗೆ ಇರ್ತೈತೆ."

ಬಾಯಿ ಮುಚ್ಚಿಕೊಂಡಿರಬೇಕಿತ್ತು. ಮುಂದಿನ ವಾರವೇ ಚಿಕ್ಕಪ್ಪ ಬತ್ತಲಗುಂಡಿನ ಆಚೆ ಹಳೆಯ ಕಲ್ಲುಗುಂಡಿಯೊಂದರಿಂದ ಕೆಂಪು ನೀರು ತುಂಬಿ, ಕೊಡ ತಬ್ಬಿಕೊಂಡು ಬಸ್ಸು ಹತ್ತಿದರು.

"ಒಳಗೇನು ಪೆರಿಯವರೇ?" ಎಂದ ಕಂಡಕ್ಟರ್.

"ಆಳುಂಗ. ಎರಡು ಕೋಟಿ ಇರಬೌದು."

"ಹಾಗಾದ್ರೆ ಟಿಕೆಟ್?"

ಚಿಕ್ಕಪ್ಪ ಗಂಭೀರವಾಗಿ ಯೋಚಿಸಿದರು. "ಎಲ್ಲಾ ಕೈಗೂಸುಂಗ. ಟಿಕೆಟ್ ಇಲ್ಲ!"

ಆ ನೀರು ಏಳೂ ಮಡಕೆಗಳಿಗೆ ಬಿದ್ದು ವರ್ಷವಾಯಿತು. ದಿನಾ ಬೆಳಗ್ಗೆ ಮಡಕೆಯಿಂದ ದಾರ ಎಳೆದು, ತುದಿಗೆ ಕಟ್ಟಿದ ಕಬ್ಬಿಣದ ಮೊಳೆಗೆ ತಾಮ್ರ ಅಂಟಿದೆಯೇ ಎಂದು ನೋಡುವುದು. ತುಕ್ಕು ಕಂಡು ಮತ್ತೆ ಇಳಿಬಿಡುವುದು. ಪೂಚಿ ಎಂದರೆ ತಮಿಳಿನಲ್ಲಿ ಹುಳು; ನಮ್ಮ ಮನೆಗನ್ನಡದಲ್ಲೂ ಅದೇ. ಚಿಕ್ಕಮ್ಮ ದಿನಾ ಕೇಳುತ್ತಿದ್ದರು: "ಏನುಂಗ, ನಿಮ್ಮ ಪೂಚಿ ಕಲ್ಲು ತಿಂತೈತೊ, ನನ್ನ ಉಸುರು ತಿಂತೈತೊ?"

ಪೊಂಗಲ್ ಹಬ್ಬದಿಂದ ಶುರುವಾಗುವ ತೈ ತಿಂಗಳಲ್ಲಿ ಚಿಕ್ಕಪ್ಪನ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅವರನ್ನು ಮಡಕೆಗಳ ಮೇಲೆ ಕೂರಿಸಲಾದೀತೆ? ಜಗಲಿ ಖಾಲಿಯಾಗಲೇಬೇಕೆಂದು ಚಿಕ್ಕಮ್ಮ ಪಟ್ಟು ಹಿಡಿದರು. ಪೊಂಗಲ್‌ನ ಹಿಂದಿನ ದಿನ ಭೋಗಿ. ಹಳೆಯದನ್ನೆಲ್ಲ ಮನೆಯಿಂದ ಹೊರಗೆ ಹಾಕುವ ದಿನ. ಚಿಕ್ಕಪ್ಪ ಎಲ್ಲರೆದುರು ಮಾತು ಕೊಟ್ಟರು: "ಭೋಗಿಯೊಳಗೆ ಮೊಳೆ ಕೆಂಪಾಗ್ದಿದ್ರೆ ನಾನೇ ಹೊರಕ್ಕೆ ಸುರೀತೀನಿ. ಇನ್ನು ಕಲ್ಲು ಮುಟ್ಟಾಕಿಲ್ಲ."

ನಗುತ್ತಲೇ ಅಂದರು. ಆದರೆ ಆ ವಾರವಿಡೀ ಸರಿಯಾಗಿ ಉಣ್ಣಲಿಲ್ಲ.

ಭೋಗಿಯ ಬೆಳಗ್ಗೆ ಜಗಲಿಯಿಂದ ಕೂಗು! ಹಬ್ಬಕ್ಕೆ ಬಂದಿದ್ದ ನಾನು ಓಡಿದೆ. ಏಳನೆಯ ಮಡಕೆಯ ಮೊಳೆ ಕೆಂಪಗೆ ಹೊಳೆಯುತ್ತಿತ್ತು. ಬೀದಿಯವರೆಲ್ಲ ಸೇರಿದರು. ಚಿಕ್ಕಪ್ಪ ಮೊಳೆ ನನ್ನ ಕೈಗಿಟ್ಟು, "ನೀನೇ ಹೇಳು ತಾಯಿ, ನೀನು ಓದಿದೋಳು" ಎಂದರು.

ಮಡಕೆಗೆ ಬಗ್ಗಿದೆ. ಹುಣಸೆ ಹುಳಿಯ ವಾಸನೆ! ಮೂಲೆಯಲ್ಲಿ ತಾಮ್ರದ ಹಂಡೆ, ಚೊಂಬುಗಳೆಲ್ಲ ಹಬ್ಬಕ್ಕೆಂದು ಹುಣಸೆಹಣ್ಣು ಹಾಕಿ ಉಜ್ಜಿಸಿಕೊಂಡು ಹೊಳೆಯುತ್ತಿದ್ದವು. ಆ ಉಜ್ಜಿದ ನೀರಿನಲ್ಲಿ ತಾಮ್ರ ಕರಗಿರುತ್ತದೆ, ಕಬ್ಬಿಣ ಸಿಕ್ಕರೆ ಅಂಟಿಕೊಳ್ಳುತ್ತದೆ. ಚಿಕ್ಕಮ್ಮನ ಕಡೆ ನೋಡಿದೆ. ಅವರು ಹುಳಿಗೆ ಸುಕ್ಕಾದ ಬೆರಳುಗಳನ್ನು ಚಿನ್ನಾಳಪಟ್ಟಿ ಸೀರೆಯ ಸೆರಗಿನೊಳಗೆ ಎಳೆದುಕೊಂಡರು. ಮಡಕೆಗಳು ತೊಲಗಲಿ ಎಂದು ವರ್ಷವಿಡೀ ಬೈದವರು!

ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು.

"ತಾಮ್ರವೇ ಚಿಕ್ಕಪ್ಪಾ," ಎಂದೆ. ಅದೇನು ಸುಳ್ಳಲ್ಲವಲ್ಲ!

ಅಂದು ಮಧ್ಯಾಹ್ನ ಚಿಕ್ಕಪ್ಪ ಯಾರೂ ಹೇಳದೆಯೇ ಏಳೂ ಮಡಕೆಗಳನ್ನು ಬರಿದು ಮಾಡಿ ಜಗಲಿ ತೊಳೆದರು. "ಗೆದ್ದಾಯ್ತಲ್ಲ, ಆಳುಂಗ ಮನೆಗೆ ಹೋಗ್ಲಿ" ಎಂದರು.

ಹಬ್ಬ ಮುಗಿಸಿ ಹೊರಟ ನನ್ನನ್ನು ಬಸ್ ನಿಲ್ದಾಣಕ್ಕೆ ಬಿಡಲು ಬಂದ ಚಿಕ್ಕಪ್ಪ ಜೇಬಿನಿಂದ ಆ ಮೊಳೆ ತೆಗೆದು ಮೂಗಿನ ಹತ್ತಿರ ಹಿಡಿದರು.

"ಇಪ್ಪತ್ತು ವರುಷ ಏಲಕ್ಕಿ ಮೂಸಿ ಮೂಸಿ ಆರಿಸ್ದೋನು ನಾನು. ಹುಣಸೆ ವಾಸ್ನೆ ತಿಳೀದಾ ತಾಯಿ? ನಂಗೆ ಗೊತ್ತು ಅಂತ ಅವಳಿಗೆ ಹೇಳ್ಬೇಡ."

ಮೊಳೆಯನ್ನು ಪಂಚೆಯ ಅಂಚಿನಿಂದ ಒರೆಸಿ ಮತ್ತೆ ಎದೆಯ ಜೇಬಿಗೆ ಹಾಕಿಕೊಂಡರು. ಬತ್ತಲಗುಂಡು ಬರುವವರೆಗೂ ನನಗೆ ಕಣ್ಣೊರೆಸಿಕೊಳ್ಳುವುದೇ ಆಯಿತು.