ಟೂಲಿನ ಹೆಸರು ‘ತೆಗೆ’

ಗಂಡ: ತಪ್ಪು ಅದರದ್ದಲ್ಲ ಕಣೇ, ನಿನ್ನದು. ತೆಗಿ ಅಂದೆ, ತೆಗೆದುಹಾಕ್ತು.

ಡಾಕ್ಟರು: ಫೈಲು ತೆಗಿ ಅಂತ ರೀ ನಾನು ಹೇಳಿದ್ದು! ಬಾಗಿಲು ತೆಗಿ ಅಂದ್ರೆ ಯಾರಾದ್ರೂ ಬಾಗಿಲು ಕಿತ್ತು ಬೀದಿಗೆ ಎಸೀತಾರಾ?

ಹಲ್ಲಿನ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಅವಳು ಕೈಗವಸು ಕೂಡ ಕಳಚದೆ ನಿಂತಿದ್ದಳು. ಕ್ಲಿನಿಕ್ಕಿನ ಕಂಪ್ಯೂಟರಿಗೆ ತಂತ್ರಾಂಶ ಬರೆದವನು ಅವಳ ಗಂಡನೇ. ಹೋದ ವಾರ ಅದಕ್ಕೊಂದು ಎಐ ಸಹಾಯಕನನ್ನು ಜೋಡಿಸಿ, ಇನ್ನು ನೀನು ಬಾಯಲ್ಲಿ ಹೇಳಿದರೆ ಸಾಕು, ಫೈಲು ತೋರಿಸಲು ಒಂದು, ಹೆಸರು ಅಳಿಸಲು ಒಂದು ಎಂದು ನಾನು ಬರೆದಿಟ್ಟ ಟೂಲುಗಳಲ್ಲಿ ಬೇಕಾದ್ದನ್ನು ಅದೇ ಆರಿಸಿಕೊಂಡು ಕೆಲಸ ಮುಗಿಸುತ್ತದೆ ಎಂದು ಎದೆ ಉಬ್ಬಿಸಿದ್ದ. ಬೆಳಿಗ್ಗೆ ಅವಳು ‘ಹತ್ತು ಗಂಟೆಯವರದ್ದು ತೆಗಿ’ ಎಂದಳು. ಅದು ಆ ಹೆಸರನ್ನೇ ಪಟ್ಟಿಯಿಂದ ಅಳಿಸಿ, ‘ನಿಮ್ಮ ಹೆಸರನ್ನು ತೆಗೆಯಲಾಗಿದೆ, ನೀವು ಬರಬೇಕಾಗಿಲ್ಲ’ ಎಂದು ಮೆಸೇಜನ್ನೂ ಕಳಿಸಿಬಿಟ್ಟಿತು.

ಹತ್ತು ಗಂಟೆಯವರು ಅವಳ ಅತ್ತೆ. ನೋಯುತ್ತಿದ್ದ ಹಲ್ಲನ್ನು ಕೀಳಿಸಿಕೊಳ್ಳಲು ಅವರನ್ನು ಒಪ್ಪಿಸುವಷ್ಟರಲ್ಲಿ ಅವಳಿಗೆ ಆರು ತಿಂಗಳು ಹಿಡಿದಿತ್ತು.

ಗಂಡ: ಕೋಡ್ ನೋಡಿದ್ರೆ ಎಲ್ಲ ಸ್ಪಷ್ಟವಾಗಿದೆ.

ಡಾಕ್ಟರು: ಅದು ಕೋಡ್ ನೋಡುತ್ತಾ?

ಗಂಡ: ಇಲ್ಲ. ಟೂಲಿನ ಹೆಸರು, ಕೆಳಗೆ ನಾನು ಬರೆದ ವಿವರಣೆ. ಅಷ್ಟೇ ಓದೋದು.

ಡಾಕ್ಟರು: ಏನು ಬರೆದಿದ್ದೀರಿ, ಓದಿ.

ಗಂಡ: ಹೆಸರು, ‘ತೆಗೆ’.

ಡಾಕ್ಟರು: ವಿವರಣೆ?

ಗಂಡ: (ಗಂಟಲು ಸರಿಮಾಡಿಕೊಂಡು) ‘ತೆಗೆಯುತ್ತದೆ.’

ಡಾಕ್ಟರು: ಭಲೇ! ಫೈಲು ತೋರಿಸೋ ಟೂಲಿಗೆ?

ಗಂಡ: ‘ನೋಡು-ಎರಡು’.

ಡಾಕ್ಟರು: ‘ನೋಡು-ಒಂದು’ ಏನಾಯ್ತು?

ಗಂಡ: ಅದು ಕೆಲಸ ಮಾಡಲ್ಲ. ಎಲ್ಲರಿಗೂ ಗೊತ್ತಿರೋದೇ.

ಡಾಕ್ಟರು: ಎಲ್ಲರಿಗೂ ಅಂದ್ರೆ?

ಗಂಡ: ನನಗೆ.

ಅಷ್ಟರಲ್ಲಿ ಬಾಗಿಲು ದಢಾರನೆ ತೆರೆಯಿತು. ಒಂದು ಕೈಯಲ್ಲಿ ಊದಿದ ಕೆನ್ನೆ, ಇನ್ನೊಂದರಲ್ಲಿ ಫೋನು ಹಿಡಿದುಕೊಂಡು ಅತ್ತೆ ಒಳಗೆ ಬಂದರು.

ಅತ್ತೆ: ಇಪ್ಪತ್ತು ವರ್ಷ ಒಂದೇ ಮನೇಲಿದ್ದೀವಿ. ನಿನಗೆ ನಾನು ಬೇಡ ಅಂತ ಎದುರಿಗೇ ಹೇಳಿದ್ರೆ ಆಗ್ತಿರಲಿಲ್ವೇನಮ್ಮಾ?

ಡಾಕ್ಟರು: ಅಯ್ಯೋ ಅತ್ತೆ, ನಾನಲ್ಲ, ಅದು! ನಿಮ್ಮ ಮಗ ಕೆಲಸಕ್ಕೆ ಇಟ್ಟಿರೋದು.

ಅತ್ತೆ: ಹೊಸಬನಾ? ಕೆಲಸ ಯಾರೂ ಹೇಳಿಕೊಡಲಿಲ್ವಾ?

ಗಂಡ: ಅಮ್ಮಾ, ಅದು ಮನುಷ್ಯ ಅಲ್ಲ, ಕಂಪ್ಯೂಟರು. ಬಹಳ ಬುದ್ಧಿವಂತ. ಅದಕ್ಕೆ ಒಂದು ಸಾಲು ಬರೆದಿಟ್ರೆ ಸಾಕು.

ಅತ್ತೆ: ಎಲ್ಲಿ, ಆ ಸಾಲು ತೋರಿಸು.

ಅತ್ತೆ ಮೂವತ್ತು ವರ್ಷ ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದವರು. ಪಾಳಿ ಮುಗಿಸಿ ಹೋಗುವಾಗ ಮುಂದಿನ ನರ್ಸಿಗೆ ಚೀಟಿ ಬರೆದಿಡುವುದರಲ್ಲಿ ಎತ್ತಿದ ಕೈ. ಮಗನ ಸಾಲನ್ನು ಎರಡು ಸಲ ಓದಿದರು. ಅವರಿಗೆ ಹಲ್ಲುನೋವೇ ಮರೆತುಹೋಯಿತು.

ಅತ್ತೆ: ‘ಔಷಧ ಕೊಡಿ’ ಅಂತ ಚೀಟಿ ಬರೆದಿಟ್ಟು ನಾನು ಮನೆಗೆ ಹೋಗಿದ್ರೆ ಆಗ್ತಿತ್ತೇನೋ? ಯಾರಿಗೆ, ಯಾವುದು, ಎಷ್ಟು, ಯಾವಾಗ ಕೊಡಲೇಬಾರದು, ಹೆಚ್ಚುಕಮ್ಮಿ ಆದ್ರೆ ಯಾರನ್ನ ಕರೀಬೇಕು, ಅಷ್ಟೂ ಬರೀಬೇಕು. ಓದೋರು ನಿನ್ನ ತಲೆಯೊಳಗೆ ಕೂತಿರಲ್ಲ ಕಣೋ. ಹೂಂ, ಟೈಪ್ ಮಾಡು.

ಮಗ ತೆಪ್ಪಗೆ ಕೂತು ಟೈಪ್ ಮಾಡಿದ. ‘ತೆಗೆ’ ಹೋಗಿ ‘ಅಪಾಯಿಂಟ್‌ಮೆಂಟ್-ರದ್ದು’ ಬಂತು. ‘ಇದು ರೋಗಿಯ ಅಪಾಯಿಂಟ್‌ಮೆಂಟನ್ನು ರದ್ದುಮಾಡಿ ಅವರಿಗೆ ಮೆಸೇಜ್ ಕಳಿಸುತ್ತದೆ. ಹೋದ ಮೆಸೇಜು ವಾಪಸ್ ಬರುವುದಿಲ್ಲ. ಫೈಲು ನೋಡಲು ಇದನ್ನು ಬಳಸಬೇಡ, ಅದಕ್ಕೆ ಫೈಲು-ತೋರಿಸು ಇದೆ. ಅನುಮಾನ ಬಂದರೆ ಊಹಿಸಬೇಡ, ಕೇಳು.’

ಅತ್ತೆ: ಹೆಸರು ಸೇರಿಸೋದಕ್ಕೂ ಬರಿ. ‘ರೋಗಿ ತಾವಾಗಿ ಹೂಂ ಅನ್ನದೆ ಹೆಸರು ಸೇರಿಸಬೇಡ. ಡಾಕ್ಟರೇ ಹೇಳಿದರೂ ಅಷ್ಟೇ.’

ಡಾಕ್ಟರು: ಎಷ್ಟು ಚೆನ್ನಾಗಿ ಹೇಳಿದ್ರಿ ಅತ್ತೆ! (ಕಂಪ್ಯೂಟರಿನತ್ತ ಬಗ್ಗಿ) ಹನ್ನೊಂದು ಗಂಟೆಯವರದ್ದು ತೆಗಿ.

ಪರದೆಯ ಮೇಲೆ ಅಕ್ಷರ ಮೂಡಿತು: ‘ಫೈಲು ತೋರಿಸಲೇ, ಅಪಾಯಿಂಟ್‌ಮೆಂಟ್ ರದ್ದುಮಾಡಲೇ?’

ಗಂಡ ಚಪ್ಪಾಳೆ ತಟ್ಟಿದ.

ಡಾಕ್ಟರು: ಫೈಲು ತೋರಿಸು. ಹಾಗೇ ನಮ್ಮತ್ತೆ ಹೆಸರು ಈಗಲೇ ಮತ್ತೆ ಸೇರಿಸು.

ಅತ್ತೆಯ ಫೋನು ಟಣ್ ಎಂದಿತು. ಅವರು ಕನ್ನಡಕ ಏರಿಸಿ ನೋಡಿ, ಏನೋ ಒಂದು ಒತ್ತಿ, ಫೋನನ್ನು ಚೀಲಕ್ಕೆ ಹಾಕಿಕೊಂಡು ಬಾಗಿಲತ್ತ ಹೊರಟರು. ಪರದೆಯಲ್ಲಿ ಉತ್ತರ ಬಂತು: ‘ರೋಗಿ ಬೇಡ ಎಂದಿದ್ದಾರೆ. ಸೇರಿಸಿಲ್ಲ.’

ಡಾಕ್ಟರು: ಅತ್ತೆ! ಹೆಡ್ ನರ್ಸ್ ಆಗಿದ್ದೋರು ನೀವು, ಹಲ್ಲು ಕೀಳಿಸೋಕೆ ಹೆದರ್ತೀರಾ?

ಅತ್ತೆ: ಹೆದರಿಕೆ ಯಾಕಮ್ಮಾ? ನಾನೇನು ಮಾಡ್ಲಿ, ಅಲ್ಲಿ ಬರೆದಿರೋದೇ ಹಾಗೆ.

ಡಾಕ್ಟರು ಎರಡೇ ಹೆಜ್ಜೆಗೆ ಬಾಗಿಲಿಗೆ ಅಡ್ಡ ಬಂದು, ಅವರ ಕೈಯಿಂದ ಚೀಲ ಇಸಿದುಕೊಂಡಳು.

ಡಾಕ್ಟರು: ಅದು ಅಪಾಯಿಂಟ್‌ಮೆಂಟ್ ತಗೊಳ್ಳೋರಿಗೆ ಅತ್ತೆ. ಅಪಾಯಿಂಟ್‌ಮೆಂಟ್ ಇಲ್ಲದೆ ತಾವಾಗೇ ಒಳಗೆ ನುಗ್ಗಿದೋರನ್ನ ಏನು ಮಾಡಬೇಕು ಅಂತ ನೀವು ಬರೆಸಲೇ ಇಲ್ಲ. ಬನ್ನಿ, ಕುರ್ಚಿಯಲ್ಲಿ ಕೂತ್ಕೊಳ್ಳಿ.